ಭಾನುವಾರದ ಕೀಲಿಗೊಂಚಲು

ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಗಂಡಸರು ಸುತ್ತಿಗೆ ಮುಟ್ಟುವಂತಿಲ್ಲ, ಹೆಂಗಸರು ಸೂಜಿ ಮುಟ್ಟುವಂತಿಲ್ಲ. ಅಂಗಿಯ ಗುಂಡಿ ಕಿತ್ತು ಬಂದರೆ ಪಿನ್ನು ಚುಚ್ಚಿಕೊಂಡು ಸೋಮವಾರದ ತನಕ ತೆಪ್ಪಗಿರಬೇಕು. ಅಡುಗೆ ಮಾಡುವುದು, ಪಾತ್ರೆ ತಿಕ್ಕುವುದು ಮಾತ್ರ ಕೆಲಸದ ಲೆಕ್ಕಕ್ಕೆ ಬರುವುದಿಲ್ಲವಂತೆ. ಹೆಂಗಸರು ಮಾಡಿದ್ದು ಯಾವತ್ತು ತಾನೇ ಲೆಕ್ಕಕ್ಕೆ ಬಂದಿತ್ತು?

ನಮ್ಮೆಜಮಾನರು ಲಿಫ್ಟ್ ರಿಪೇರಿ ಮಾಡುವವರು. ನಾವಿರುವ ಕಟ್ಟಡದ ಲಿಫ್ಟೂ ಅವರದೇ ಸುಪರ್ದಿ. ಅದಕ್ಕೇ ನೆಲಮಹಡಿಯ ಹಿಂದಿನ ಎರಡು ಕೋಣೆ ನಮಗೆ ಬಾಡಿಗೆಯಿಲ್ಲದೆ ಸಿಕ್ಕಿದ್ದು. ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆರೆಯುವ ಮೂರು ಮೂಲೆಯ ಕೀಲಿ, ತಾರಸಿಯ ಮೆಷಿನ್ ರೂಮಿನ ಕೀಲಿ, ಎರಡೂ ಸದಾ ಅವರ ಬೆಲ್ಟಿಗೆ ನೇತಾಡುತ್ತಿದ್ದವು, ಭಾನುವಾರವೂ. ಕೀಲಿ ಇಟ್ಟುಕೊಳ್ಳುವುದು ಕೆಲಸವಲ್ಲ, ತಿರುಗಿಸುವುದು ಕೆಲಸ ಎಂದು ಸಭೆಯ ಪಾದ್ರಿ ಅಯ್ಯನವರು ತೀರ್ಪು ಕೊಟ್ಟಿದ್ದರು.

ನನ್ನ ಗಂಡ ಕೆಟ್ಟವರಲ್ಲ. ಉಳಿದ ದಿನ ಯಾರು ಕರೆದರೂ ಉಣ್ಣುವ ತಟ್ಟೆ ಬಿಟ್ಟು ಏಳುವವರು. ಮೂರನೇ ಮಹಡಿಯ ಮೇಷ್ಟ್ರಿಗೆ ಎದೆಯ ಕಾಯಿಲೆ, ಮೆಟ್ಟಿಲು ಹತ್ತುವಂತಿರಲಿಲ್ಲ. ಅವರಿಗೋಸ್ಕರ ಲಿಫ್ಟಿನೊಳಗೆ ಒಂದು ಮಡಚುವ ಕುರ್ಚಿಯನ್ನು ಇವರೇ ತಂದು ಗೋಡೆಗೆ ಕೂರಿಸಿದ್ದರು. ಮೇಷ್ಟ್ರು ನಮ್ಮ ಸಭೆಯವರಲ್ಲ, ಯಾವ ಸಭೆಯವರೂ ಅಲ್ಲ. “ದೇವರು ಅಂತ ಒಬ್ಬ ಇದ್ರೆ ನಿನ್ನ ಗಂಡನ ಹಾಗೆ ಸ್ಕ್ರೂಡ್ರೈವರ್ ಹಿಡ್ಕೊಂಡು ಓಡಾಡ್ತಿರಬೇಕಮ್ಮ” ಎಂದು ನನ್ನನ್ನು ರೇಗಿಸುತ್ತಿದ್ದರು.

ಆ ಭಾನುವಾರ ನಮ್ಮವರನ್ನು ಸಭೆಯ ಹಿರಿಯರನ್ನಾಗಿ ನೇಮಿಸುವುದಿತ್ತು. ಹೊಸ ಬಿಳಿ ಅಂಗಿ. ನಾನೇ ಶನಿವಾರ ಇಸ್ತ್ರಿ ಮಾಡಿಟ್ಟಿದ್ದೆ. ಫೋನುಗಳನ್ನೆಲ್ಲ ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಒಳಗೆ ಕೂತಿದ್ದೆವು. ಇವರು ಮುಂದೆ ಮೊಣಕಾಲೂರಿದ್ದರು, ಅಯ್ಯನವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರು ಮಾಡಿದ್ದರು. ಅಷ್ಟರಲ್ಲಿ ನಮ್ಮ ಕಟ್ಟಡದ ವಾಚ್‌ಮನ್ ಪಕ್ಕದ ಬಾಗಿಲಿಂದ ನುಗ್ಗಿ ಹೆಂಗಸರ ಸಾಲಿಗೇ ಬಂದ.

“ಅಕ್ಕಾ, ಲಿಫ್ಟ್ ನಿಂತೋಗಿದೆ. ಒಳಗೆ ಮೇಷ್ಟ್ರು. ಎದೆ ನೋವು ಅಂತಿದಾರೆ. ಅಣ್ಣ ಫೋನು ಎತ್ತಲ್ಲ. ಅಗ್ನಿಶಾಮಕದವರು ಊರಾಚೆಯಿಂದ ಬರಬೇಕಂತೆ.”

ನಾನು ಎದ್ದು ನೇರ ಮುಂದಕ್ಕೆ ಹೋದೆ. ನಮ್ಮ ಸಭೆಯಲ್ಲಿ ಹೆಂಗಸರು ವೇದಿಕೆಯ ಮೆಟ್ಟಿಲಿನ ತನಕ ಹೋಗುವಂತಿಲ್ಲ. ಹೋದೆ. ಇವರ ಕಿವಿಯಲ್ಲಿ ವಿಷಯ ಹೇಳಿದೆ. ಇವರ ಮುಖ ಬಿಳಿಚಿಕೊಂಡಿತು. ಅಯ್ಯನವರ ಕಡೆ ನೋಡಿದರು. ಅಪ್ಪಣೆ ಬೇಡುವ ಆ ನೋಟ ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

“ಕರ್ತನ ದಿನ” ಎಂದರು ಅಯ್ಯನವರು, ಕಣ್ಣು ಪೂರ್ತಿ ತೆರೆಯದೆ. “ದೇವರ ಕೆಲಸ ಮೊದಲು. ಅವರನ್ನ ದೇವರು ನೋಡ್ಕೋತಾನೆ.”

“ಆಶೀರ್ವಾದ ಮುಗೀಲಿ, ಬಂದ್ಬಿಡ್ತೀನಿ” ಎಂದರು ಇವರು ನನಗೆ, ಪಿಸುದನಿಯಲ್ಲಿ.

ನಾನು ಬಗ್ಗಿ ಅವರ ಬೆಲ್ಟಿನಿಂದ ಕೀಲಿಗೊಂಚಲು ಕಿತ್ತುಕೊಂಡೆ. ಅವರು ತಡೆಯಲಿಲ್ಲ, ಏಳಲೂ ಇಲ್ಲ. ಹಿಂದಿನಿಂದ ಪ್ರಾರ್ಥನೆಯ ದನಿ ಒಂದಿಷ್ಟು ಜೋರಾಯಿತು.

ಮೂರನೇ ಮಹಡಿಯಲ್ಲಿ ಮೇಷ್ಟ್ರ ಹೆಂಡತಿ ಲಿಫ್ಟಿನ ಬಾಗಿಲಿಗೆ ಕೆನ್ನೆ ಒತ್ತಿ ನೆಲದ ಮೇಲೆ ಕೂತಿದ್ದರು. ನಾನು ಕೀಲಿ ಹಾಕಿ ಬಾಗಿಲು ಸರಿಸಿದೆ. ಲಿಫ್ಟಿನ ಡಬ್ಬ ಒಂದು ಸೊಂಟದೆತ್ತರ ಕೆಳಗೆ ಸಿಕ್ಕಿಕೊಂಡಿತ್ತು. ಅದರ ಒಳಬಾಗಿಲು ಅಂಗೈ ಅಗಲವಷ್ಟೇ ಬಿಟ್ಟುಕೊಂಡಿತು, ಎಷ್ಟು ಎಳೆದರೂ ಮುಂದಕ್ಕೆ ಬರಲಿಲ್ಲ. ಆ ಸಂದಿಯಲ್ಲಿ ಮೇಷ್ಟ್ರ ನೆತ್ತಿ ಕಾಣುತ್ತಿತ್ತು. ಕುರ್ಚಿಯ ಮೇಲೆ ಕೂತು ಎದೆ ಒತ್ತಿಕೊಂಡಿದ್ದರು.

“ಯಾರು, ಲಿಫ್ಟಿನವನಾ?” ಎಂದರು.

“ಅವರ ಹೆಂಡತಿ, ಮೇಷ್ಟ್ರೇ.”

“ಅವನು?”

“ಬರ್ತಿದಾರೆ” ಎಂದೆ. ಇನ್ನೇನು ಹೇಳಲಿ?

“ಮಾತಾಡಿಸ್ತಾನೇ ಇರಿ” ಎಂದು ಮೇಷ್ಟ್ರ ಹೆಂಡತಿಗೆ ಹೇಳಿ ವಾಚ್‌ಮನ್ನನ ಜೊತೆ ಮೆಷಿನ್ ರೂಮಿಗೆ ಓಡಿದೆ. ಮಧ್ಯಾಹ್ನದ ಬುತ್ತಿ ಕೊಡಲು ಹೋದಾಗ ಇವರು ಮಾಡುವುದನ್ನು ನೋಡಿದ್ದೆ: ಮೊದಲು ಕರೆಂಟು ಆರಿಸಬೇಕು, ಒಬ್ಬರು ಬ್ರೇಕಿನ ಹಿಡಿ ಎತ್ತಿ ಹಿಡಿಯಬೇಕು, ಇನ್ನೊಬ್ಬರು ದೊಡ್ಡ ಚಕ್ರ ತಿರುಗಿಸಬೇಕು. ಯಾವ ಕಡೆಗೆ ಎಂದು ಕೇಳಿರಲಿಲ್ಲ. ಚಕ್ರದ ಮೇಲೆ ಎರಡು ಬಾಣದ ಗುರುತಿದ್ದವು, ಮೇಲಕ್ಕೆ ಒಂದು, ಕೆಳಕ್ಕೆ ಒಂದು. ಕೊಡ ಬಾವಿಗೆ ಇಳಿಯುವುದು ಸಲೀಸು, ತುಂಬಿದ ಮೇಲೆ ಸೇದುವುದೇ ಕಷ್ಟ. ಅದು ನನಗೆ ಗೊತ್ತಿದ್ದ ಬುದ್ಧಿ. ಕೆಳಕ್ಕೆ ತಿರುಗಿಸಿದೆ.

ಚಕ್ರ ಅಲುಗಲೇ ಇಲ್ಲ. ತುಕ್ಕು ಹಿಡಿದಿರಬೇಕು ಎಂದುಕೊಂಡು ಗೋಡೆಗೆ ಕಾಲು ಕೊಟ್ಟು ಜಗ್ಗಿದೆ. ಗೇಣು ತಿರುಗಿದರೆ ಅರ್ಧ ಗೇಣು ವಾಪಸು ಬರುತ್ತಿತ್ತು. ವಾಚ್‌ಮನ್ನನ ಕೈ ಸೋತು ಹಿಡಿ ಬಿದ್ದುಹೋಗುತ್ತಿತ್ತು, ಮತ್ತೆ ಎತ್ತುತ್ತಿದ್ದ. ನನ್ನ ಅಂಗೈ ಸುಲಿದು ಚಕ್ರ ಜಾರತೊಡಗಿತು. ಸೆರಗಿನಿಂದ ಒರೆಸಿ ಒರೆಸಿ ತಿರುಗಿಸಿದೆ. ಕೆಳಗಿನಿಂದ ಮೇಷ್ಟ್ರ ಹೆಂಡತಿಯ ದನಿ ಕೇಳುತ್ತಿತ್ತು, “ರೀ, ರೀ” ಎಂದು. ಆಮೇಲೆ ಅದೂ ನಿಂತಿತು.

ಎರಡನೇ ಮಹಡಿಗೆ ಡಬ್ಬ ಬಂದು ಬಾಗಿಲು ತೆರೆದಾಗ ಮೇಷ್ಟ್ರು ಕುರ್ಚಿಯ ಮೇಲೆಯೇ ಇದ್ದರು, ತಲೆ ಒಂದು ಕಡೆ ವಾಲಿತ್ತು. ಮೈ ಇನ್ನೂ ಬೆಚ್ಚಗಿತ್ತು. ಆಸ್ಪತ್ರೆಯ ಡಾಕ್ಟರು ಆಮೇಲೆ “ಸ್ವಲ್ಪ ಬೇಗ ತಂದಿದ್ರೆ” ಎಂದು ನನ್ನ ಕೈ ನೋಡಿ ಮಾತು ನಿಲ್ಲಿಸಿದರು.

ನಮ್ಮವರು ಬಂದಿದ್ದು ಲಿಫ್ಟಿನ ಬಾಗಿಲು ತೆರೆದ ಆ ಹೊತ್ತಿಗೆ, ಬಿಳಿ ಅಂಗಿಯಲ್ಲಿ, ಎರಡೆರಡು ಮೆಟ್ಟಿಲು ಹಾರಿಕೊಂಡು. ಮೇಷ್ಟ್ರನ್ನು ನೋಡಿದರು, ನನ್ನ ಅಂಗೈ ನೋಡಿದರು, ಲಿಫ್ಟ್ ನಿಂತ ಮಹಡಿ ನೋಡಿದರು.

“ಕೆಳಕ್ಕೆ ತಿರುಗಿಸಿದ್ಯಾ?”

“ಹೂಂ.”

“ಒಬ್ಬರೇ ಇದ್ದಾಗ ಡಬ್ಬ ಹಗುರ ಕಣೇ. ಹಗ್ಗದ ಆ ಕಡೆ ಕಟ್ಟಿರೋ ತೂಕವೇ ಜಾಸ್ತಿ. ಮೇಲಕ್ಕೆ ತಿರುಗಿಸಿದ್ರೆ ಒಂದು ಕೈಲಿ ಬರ್ತಿತ್ತು.” ಅಷ್ಟು ಹೇಳಿ ತಮ್ಮ ಬಾಯನ್ನು ತಾವೇ ಮುಚ್ಚಿಕೊಂಡರು.

ಮೂರನೇ ಮಹಡಿ ಬರೀ ಸೊಂಟದೆತ್ತರದಲ್ಲಿತ್ತು. ನಾನು ಮುಕ್ಕಾಲು ಮಹಡಿಯಷ್ಟು ತೂಕದ ವಿರುದ್ಧ ಎಳೆದಿದ್ದೆ. ಗೊತ್ತಿದ್ದವರು ಮೊಣಕಾಲೂರಿದ್ದರು, ಗೊತ್ತಿಲ್ಲದವಳು ಚಕ್ರ ಹಿಡಿದಿದ್ದಳು. ಅವತ್ತು ನಾನು ಗಂಡನೆಂದೂ ನೋಡದೆ ಅಂದದ್ದನ್ನು ಇಲ್ಲಿ ಹೇಳಲಾರೆ.

ವಾರದ ನಡುವೆ ಅಯ್ಯನವರು ಇಬ್ಬರು ಹಿರಿಯರ ಜೊತೆ ಮನೆಗೆ ಬಂದರು. ಮೇಷ್ಟ್ರ ಮನೆಗೆ ಮೆಟ್ಟಿಲು ಹತ್ತಿ ಹೋಗಲಿಲ್ಲ, ನಮ್ಮಲ್ಲಿಗೇ ಬಂದರು. ನಾನು ಪ್ರಾರ್ಥನೆ ಕೆಡಿಸಿದ್ದು, ಹೆಂಗಸಾಗಿ ವೇದಿಕೆಯ ಮೆಟ್ಟಿಲ ತನಕ ಹೋದದ್ದು, ಕರ್ತನ ದಿನ ಕೆಲಸ ಮಾಡಿದ್ದು, ಇಷ್ಟಕ್ಕೂ ಮುಂದಿನ ಭಾನುವಾರ ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕಂತೆ.

“ಬಾವಿಗೆ ಬಿದ್ದ ಎತ್ತನ್ನ ಆ ದಿನವೂ ಎತ್ತಬೇಕು ಅಂತ ಕರ್ತನೇ ಹೇಳಿದಾನಲ್ಲ, ಅಯ್ಯನೋರೇ” ಎಂದೆ. “ಮೇಷ್ಟ್ರು ಎತ್ತಿಗಿಂತ ಕಡೆಯಾದ್ರಾ?”

“ಅರ್ಥ ಹೇಳೋಕೆ ನಾವಿದೀವಿ ತಾಯಿ. ನಿಯಮ ಇಲ್ದೆ ಸಭೆ ನಿಲ್ಲಲ್ಲ.”

“ಸಭೆ ನಿಂತಿದೆ. ಮೇಷ್ಟ್ರ ಎದೆ ನಿಂತೋಯ್ತು.”

ಅಯ್ಯನವರು ನನ್ನನ್ನು ಬಿಟ್ಟು ಇವರ ಹೆಗಲ ಮೇಲೆ ಕೈಯಿಟ್ಟರು. “ನಿಮ್ಮ ನಂಬಿಕೆ ನಮಗೆಲ್ಲ ಮಾದರಿ. ಅಂಥ ಹೊತ್ತಲ್ಲೂ ಕದಲಲಿಲ್ಲ.”

ಇವರು ಎದ್ದು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಹಾಕಿ ನಿಂತರು. ಬಂದವರು ಹೋಗುವ ತನಕ ಹೊರಗೆ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದರು: “ನಾನು ಎಲ್ಲಿ ಅಂತ ಕೇಳಿದ್ರಾ ಮೇಷ್ಟ್ರು?” ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಭಾನುವಾರ ಬಂತು. ಸಭೆಗೆ ಹೊರಡುವ ಹೊತ್ತಿಗೆ ನೋಡಿದರೆ ಇವರು ಗ್ರೀಸಿನ ಕಲೆಯ ಕೆಲಸದ ಬಟ್ಟೆ ಹಾಕಿಕೊಂಡು ನಿಂತಿದ್ದರು.

“ಬಾ” ಎಂದರು. “ವಾಚ್‌ಮನ್ನನೂ ಕರಿ.”

ಮೆಷಿನ್ ರೂಮಿನಲ್ಲಿ ಕರೆಂಟು ಆರಿಸಿ, ವಾಚ್‌ಮನ್ನನ ಕೈಗೆ ಬ್ರೇಕಿನ ಹಿಡಿ ಕೊಟ್ಟರು. ಬಟ್ಟೆ ಸುತ್ತಿದ್ದ ನನ್ನ ಅಂಗೈಯನ್ನು ಚಕ್ರದ ಮೇಲಿಟ್ಟು ಅದರ ಮೇಲೆ ತಮ್ಮ ಕೈಯಿಟ್ಟರು. “ಮೊದಲು ಬರೀ ಹಿಡ್ಕೋ. ಅದಕ್ಕೆ ಯಾವ ಕಡೆ ಹೋಗೋ ಮನಸ್ಸಿದೆ ಅಂತ ಕೈಗೇ ಗೊತ್ತಾಗುತ್ತೆ.” ಚಕ್ರ ತಾನಾಗಿಯೇ ಮೇಲಕ್ಕೆ ತಿರುಗತೊಡಗಿತು. ಒಂದು ಮಗುವೂ ತಿರುಗಿಸಬಹುದಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳುತ್ತಿದ್ದರೋ ಏನೋ, ನಾನು ತಿರುಗಿ ನೋಡಲಿಲ್ಲ.

ಸದ್ದು ಕೇಳಿ ಮೇಷ್ಟ್ರ ಹೆಂಡತಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಚಕ್ರ ನೋಡಿದರು, ನಮ್ಮವರ ಕೈ ನೋಡಿದರು.

“ಇವತ್ತೂ ಭಾನುವಾರ ಅಲ್ವೇನಪ್ಪಾ?” ಎಂದರು.

“ಹೌದಮ್ಮ” ಎಂದರು ಇವರು.

ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.