ಬುಧವಾರ ನಾಲ್ಕಕ್ಕೆ ಕದ್ದ ಗುಲಾಬಿ

ಉತ್ತರದ ಹಿಮನಾಡಿನ ಶೆಲೆಫ್ಟಿಯೊ ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಸಿಕ್ಸ್ಟನ್ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು ನವೆಂಬರಿನಲ್ಲಿ. ಏಪ್ರಿಲ್‌ವರೆಗೂ ಅವನ ಅಂಗಳದ ಹಿಮ ಬಾಚಿದವಳು, ಒಲೆಗೆ ಸೌದೆ ಒಟ್ಟಿದವಳು, ಗಾಲಿಕುರ್ಚಿ ಇಳಿಯಲೆಂದು ಮೆಟ್ಟಿಲ ಪಕ್ಕ ಇಳಿಜಾರು ಹಲಗೆ ಹೊಡೆದವಳು ಪಕ್ಕದ ಮನೆಯ ಯೋರ್ಡಿಸ್. ಅದೂ ಎಪ್ಪತ್ತು ದಾಟಿದ ಹೆಂಗಸು! ಅವನು ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಸಾಕು, "ಸುಮ್ನಿರು, ಕಾಫಿ ಆರ್ತಿದೆ" ಎಂದು ಗದರಿಬಿಡುತ್ತಿದ್ದಳು. ಹೇಳಬೇಕಾದ ಮಾತೆಲ್ಲ ಅವನ ಗಂಟಲಲ್ಲೇ ಉಳಿದಿತ್ತು.

ಅವನು ಮತ್ತೆ ನಡೆಯುವಂತಾದ ಮೇಲೆ, ಜೂನಿನಲ್ಲಿ, ಹಲಗೆ ಕಿತ್ತರು. ಅಲ್ಲಿ ಉಳಿದ ಬೋಳು ನೆಲಕ್ಕೊಂದು ಹೂವಿನ ಗಿಡ ತರಲು ಇಬ್ಬರೂ ನರ್ಸರಿಗೆ ಹೋದರು.

"ಈ ರೋಡೋಡೆಂಡ್ರಾನ್?" ಎಂದ ಸಿಕ್ಸ್ಟನ್.

"ಮಾರ್ಚ್ ಬಿಸಿಲಿಗೆ ಎಲೆಯೆಲ್ಲ ಕರಕಲು. ಬೇರು ಹೆಪ್ಪುಗಟ್ಟಿರುವಾಗ ನೀರೆಲ್ಲಿಂದ ಕುಡಿಯುತ್ತೆ?"

"ಹೈಡ್ರೇಂಜ?"

"ನಿನ್ನ ಸೂರಿನ ಹಿಮ ಜಾರಿ ಬಿದ್ರೆ ಅದರ ಸೊಂಟಾನೂ ಮುರಿಯುತ್ತೆ."

"ಲೈಲಾಕ್?"

"ಬೆಳೆದು ಕಿಟಕಿ ಮುಚ್ಚುತ್ತೆ. ಆಮೇಲೆ ನಾನು ಬರೋದು ನಿನಗೆ ಕಾಣ್ಸಲ್ಲ."

"ಹಾಗಾದ್ರೆ ಪ್ಲಾಸ್ಟಿಕ್ ಹೂವು ನೆಡ್ಲಾ, ಮಾರಾಯ್ತಿ?"

ಯೋರ್ಡಿಸ್ ನಕ್ಕಳು. "ನನ್ನ ಬಿಳಿ ಗುಲಾಬಿ ಇದೆಯಲ್ಲ, ನಮ್ಮಮ್ಮ ನೆಟ್ಟಿದ್ದು. ಮೈನಸ್ ನಲವತ್ತು ಕಂಡಿದೆ. ಕೊಂಬೆ ಮುರಿದ್ರೂ ಬುಡದಿಂದ ಚಿಗುರುತ್ತೆ. ಬುಧವಾರ ನಾಲ್ಕಕ್ಕೆ ನಾನು ಚರ್ಚಿಗೆ ಹಾಡೋಕೆ ಹೋಗ್ತೀನಿ. ಗೇಟಿಗೆ ಬೀಗ ಇಲ್ಲ."

"ಅಂದ್ರೆ, ಕದೀಬೇಕಾ?"

"ಕೊಟ್ಟ ಗಿಡಕ್ಕೆ ಥ್ಯಾಂಕ್ಸ್ ಹೇಳಿದ್ರೆ ಗಿಡ ಸಾಯುತ್ತೆ ಅಂತ ಹಿರಿಯರು ಹೇಳೋದು ಗೊತ್ತಿಲ್ವಾ? ನಿನ್ನ ಬಾಯಿ ಮೇಲೆ ನನಗೆ ನಂಬಿಕೆ ಇಲ್ಲ. ಕದ್ದಿದ್ದಕ್ಕೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?"

ಜೀವಮಾನದಲ್ಲಿ ಒಂದು ಮೊಳೆಯನ್ನೂ ಕದಿಯದ ಮನುಷ್ಯ ಬುಧವಾರ ಗುದ್ದಲಿ ಹಿಡಿದು, ಹಾಡುಹಗಲೇ, ಕಳ್ಳಬೆಕ್ಕಿನ ಹಾಗೆ ಅವಳ ಅಂಗಳಕ್ಕೆ ನುಗ್ಗಿದ. ಬುಡದ ಮರಿಗಿಡವೊಂದನ್ನು ಅಗೆಯುವಾಗ ಕಿಟಕಿಯ ಪರದೆ ಅಲ್ಲಾಡಿತು. ಅವಳು ಚರ್ಚಿಗೆ ಹೋಗಿರಲೇ ಇಲ್ಲ! ಅವನು ಕುಂಟುತ್ತಲೇ ಮನೆ ಸೇರಿದ.

ಗಿಡ ಬೇರು ಹಿಡಿಯಿತು. ಮೂರನೇ ಜೂನಿನಲ್ಲಿ ಮೆಟ್ಟಿಲ ಪಕ್ಕ ಬೆಳ್ಳಗೆ ಅರಳಿತು. "ಎಲ್ಲಿಂದ ತಂದ್ಯೋ ಕಳ್ಳ?" ಎಂದು ಯೋರ್ಡಿಸ್ ಛೇಡಿಸುವಳು. "ಯಾವಳೋ ಜಿಪುಣಿ ಮನೆಯಿಂದ" ಎನ್ನುವನು ಅವನು. ಆ ಥ್ಯಾಂಕ್ಸ್ ಮಾತ್ರ ಇನ್ನೂ ಗಂಟಲಲ್ಲೇ ಇತ್ತು.

ನಾಲ್ಕನೇ ಚಳಿಗಾಲ ಹಿಮದಡಿಯ ಇಲಿಗಳು ಯೋರ್ಡಿಸಳ ಗುಲಾಬಿಯ ಬೇರನ್ನೆಲ್ಲ ತಿಂದುಹಾಕಿದವು. ಮೇ ಮುಗಿದರೂ ಒಂದು ಚಿಗುರೂ ಇಲ್ಲ. ಒಣಕಡ್ಡಿಗಳನ್ನು ಸುಡುತ್ತಾ ನಿಂತವಳು, "ನಮ್ಮಮ್ಮ ನೆಟ್ಟಿದ್ದು ಕಣೋ" ಎಂದಳು, ಅಷ್ಟೇ. ಆ ಗಟ್ಟಿಗಿತ್ತಿಯ ಕಣ್ಣಲ್ಲಿ ಸಿಕ್ಸ್ಟನ್ ನೀರು ಕಂಡ.

"ಬುಧವಾರ ನಾಲ್ಕಕ್ಕೆ ನಾನು ಪೇಟೆಗೆ ಹೋಗ್ತೀನಿ. ಗೇಟಿಗೆ ಬೀಗ ಇಲ್ಲ" ಎಂದ.

ಬುಧವಾರ ಅವಳು ಗುದ್ದಲಿ ಹಿಡಿದು ಬಂದಳು. ಮಂಡಿಯೂರಿ ಮರಿಗಿಡವೊಂದನ್ನು ಬಿಡಿಸಿ, ಮಣ್ಣುಸಮೇತ ಮಡಿಲಿಗೆ ಹಾಕಿಕೊಂಡಳು. ಸಿಕ್ಸ್ಟನ್ ಪರದೆಯ ಹಿಂದೆ ನಿಂತಿದ್ದ.

"ಹಿಮ ಬಾಚಿದ್ದಕ್ಕೆ ಥ್ಯಾಂಕ್ಸ್ ಕಣೇ" ಎಂದ ಗಟ್ಟಿಯಾಗಿ. "ಸೌದೆಗೆ, ಹಲಗೆಗೆ, ಕಾಫಿಗೆ. ನಾನಿನ್ನೂ ಕಾಲ ಮೇಲೆ ನಿಂತಿರೋದಕ್ಕೆ."

ಕಿಟಕಿಯ ಮೂರು ಪದರ ಗಾಜಿನಾಚೆ ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಗಿಡಕ್ಕೂ ಕೇಳಿಸಲಿಲ್ಲ.