ಮೋಡದಿಂದ ಮೂರು ಜಗ್ಗು

ಮೋಡದೊಳಗಿನಿಂದ ಹಗ್ಗವನ್ನು ಯಾರೋ ಮೂರು ಸಲ ಜಗ್ಗಿದರು. ಲೊರೀನ್ ಹಗ್ಗ ಸುತ್ತುವ ರಾಟೆಯ ಬ್ರೇಕನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಳು.

ಉತ್ತರ ಧ್ರುವದ ಕಡೆಯ ಉತ್ಕಿಯಾಗ್ವಿಕ್ ಊರಾಚೆಯ ಕಡಲ ದಂಡೆ, ಅಕ್ಟೋಬರಿನ ಮಧ್ಯಾಹ್ನ. ಬಿಳಿ ಬಲೂನು ಮೋಡ ಹೊಕ್ಕು ಗಂಟೆಯಾಗಿತ್ತು. ಅದರ ಹಗ್ಗಕ್ಕೆ ಅಲ್ಲಲ್ಲಿ ಕಟ್ಟಿದ ಪುಟ್ಟ ಪೆಟ್ಟಿಗೆಗಳು ಮೋಡದ ಚಳಿ, ತೇವ, ಧೂಳು ಎಲ್ಲವನ್ನೂ ಅಳೆದು ಕೆಳಗೆ ಕಳಿಸುತ್ತಿದ್ದವು. ಆ ಅಂಕಿಗಳು ಬೇಕಾದವರು ದೂರದ ಬೆಚ್ಚಗಿನ ಊರುಗಳಲ್ಲಿ ಕೂತಿದ್ದರು. ಕೊರೆಯುವ ಗಾಳಿಯಲ್ಲಿ ನಿಂತು ಹಗ್ಗ ಬಿಡುವುದು, ಸುತ್ತುವುದು ಊರಿನವರ ಪಾಲಿಗೆ ಬಂದಿತ್ತು.

ಮೂರು ಜಗ್ಗು ಅಣ್ಣ ಕಯ್ಯಾನನ ಸನ್ನೆ. ಬಲೂನು ಹಿಡಿದು ಏರಿಸುತ್ತಿದ್ದವನು ಅವನು, ರಾಟೆ ಇವಳದು. ಗಾಳಿಯ ಅಬ್ಬರದಲ್ಲಿ ಕೂಗು ಕೇಳಿಸುತ್ತಿರಲಿಲ್ಲ. ಮೂರು ಸಲ ಜಗ್ಗಿದರೆ ಹಗ್ಗ ಬಿಡು ಎಂದರ್ಥ. ಹೋದ ಮೇ ತಿಂಗಳಲ್ಲಿ ಅವನು ಸೀಲ್ ಬೇಟೆಗೆ ಹೋಗಿದ್ದಾಗ ಕಾಲಡಿಯ ಮಂಜುಗಡ್ಡೆ ದಡದಿಂದ ಒಡೆದುಕೊಂಡಿತು. ಬಿರುಕು ಇನ್ನೂ ಕಿರಿದಾಗಿದೆ, ಹಾರಿಬಿಡಲಾ ಎಂದು ವೈರ್‌ಲೆಸ್‌ನಲ್ಲಿ ಕೇಳಿದ್ದ. ಬೇಡ, ಅಲ್ಲೇ ಇರು, ದೋಣಿ ತರುತ್ತೇವೆ ಎಂದವಳು ಲೊರೀನ್. ಅಣ್ಣ ಅಲ್ಲೇ ಇದ್ದ. ದೋಣಿ ಹೋಗುವಷ್ಟರಲ್ಲಿ ಅವನೂ ಇರಲಿಲ್ಲ, ಅವನು ನಿಂತಿದ್ದ ಗಡ್ಡೆಯೂ ಇರಲಿಲ್ಲ.

ಈಗ ತಂಗಿ ಬರ್ನೀಸಳಿಗೆ ಹೆಣ್ಣು ಮಗು ಹುಟ್ಟಿ ನಾಲ್ಕು ದಿನ. ಮಗು ಮೊಲೆ ಹಿಡಿಯದೆ, ಬಾಟಲಿಯ ಹನಿಗಳಲ್ಲೇ ಜೀವ ಹಿಡಿದುಕೊಂಡು ಅಳುತ್ತಿತ್ತು. ತನ್ನ ಹೆಸರಿಗಾಗಿ ಅಳುತ್ತಿದೆ ಎಂದರು ಮನೆಯ ಹಿರಿಯರು. ಹೋದವರ ಹೆಸರು ಹುಟ್ಟಿದವರಿಗೆ. ಹೆಣ್ಣಾಗಲಿ ಗಂಡಾಗಲಿ, ಹೆಸರಿನ ಜೊತೆ ಹೋದವರೂ ಮನೆಗೆ ಬರುತ್ತಾರೆ. ಲೊರೀನ್ ಮಾತ್ರ ಹಟ ಹಿಡಿದಿದ್ದಳು. ಹೆಣವೇ ಸಿಕ್ಕಿಲ್ಲ, ಹೆಸರು ಕೊಟ್ಟರೆ ಅಣ್ಣ ಸತ್ತನೆಂದು ತಾನೇ ಒಪ್ಪಿದಂತೆ. ಅಕ್ಕ ಒಪ್ಪದೆ ಬರ್ನೀಸ್ ಹೆಸರಿಡುವಂತಿರಲಿಲ್ಲ.

ಜಗ್ಗುತ್ತಿರುವುದು ಅಣ್ಣ ಎಂದು ಅವಳು ಹೇಳಿದಾಗ, ದಂಡೆಯಲ್ಲಿ ಜೊತೆಗಿದ್ದು ಡ್ರೋನ್ ಹಾರಿಸುವ ಹಾರ್ಲನ್ ಮೊದಲು ನಕ್ಕಿದ್ದ. ಹಗ್ಗಕ್ಕೆ ಹಿಮ ಕಟ್ಟಿ ಅದುರುತ್ತಿದೆ, ಮನೆಗೆ ಹೋಗಿ ಬಿಸಿ ಬಿಸಿ ಕ್ಯಾರಿಬೂ ಜಿಂಕೆಯ ಸಾರು ಕುಡಿದು ಮಲಗು ಎಂದು ಕಿಚಾಯಿಸಿದ್ದ. ಆದರೂ ಡ್ರೋನನ್ನು ಮೋಡದೊಳಗೆ ಕಳಿಸಿ ನೋಡಿದ. ಕೈಯಲ್ಲಿದ್ದ ಪರದೆಯ ಮೇಲೆ ಹಗ್ಗ ಕಂಡಿತು. ಉದ್ದಕ್ಕೂ ಬೆರಳು ದಪ್ಪ ಹಿಮ. ಒಂದು ಕಡೆ ಮಾತ್ರ ಯಾರೋ ಎರಡೂ ಕೈಯಲ್ಲಿ ಹಿಡಿದಷ್ಟು ಜಾಗ ಬರಿದಾಗಿ, ಒದ್ದೆಯಾಗಿ ಹೊಳೆಯುತ್ತಿತ್ತು.

ಹಾರ್ಲನ್‌ನ ನಗು ನಿಂತಿತು. "ಏನು ಕೇಳ್ತಿದ್ದಾನೆ ಅಂತ ನಿಂಗೆ ಗೊತ್ತು ಲೊರೀನ್," ಅಂದ ಮೆಲ್ಲಗೆ. "ನೀನೇ ಬಿಡ್ತಿಲ್ಲ."

ಮತ್ತೆ ಮೂರು ಜಗ್ಗು. ಹೆದರಿಕೆಗಿಂತ ಆಸೆಯೇ ಲೊರೀನಳನ್ನು ಹೆಚ್ಚು ಕಾಡಿತ್ತು: ತಾನು ಹಿಡಿದಿರುವವರೆಗೆ ಆ ತುದಿಯಲ್ಲಿ ಅಣ್ಣನಿದ್ದಾನೆ. ಐದು ತಿಂಗಳಿಂದ ಅವನನ್ನು ಚಳಿಯಲ್ಲಿ ನಿಲ್ಲಿಸಿದ್ದು ಕಡಲಲ್ಲ, ತಾನು ಎಂದು ಆಗ ಹೊಳೆಯಿತು. ಬ್ರೇಕು ಸಡಿಲಿಸಿದಳು. ಹಗ್ಗ ಸರ್ರನೆ ಮೇಲಕ್ಕೆ ಓಡಿತು. ಬಿಡಬಹುದಾದಷ್ಟನ್ನೂ ಬಿಟ್ಟ ಮೇಲೆ ಅವಳು ಹಗ್ಗದ ಮೇಲೆ ಕೈಯಿಟ್ಟು ಬಹಳ ಹೊತ್ತು ಕಾದಳು. ಮತ್ತೆ ಯಾರೂ ಜಗ್ಗಲಿಲ್ಲ. ಬಲೂನನ್ನು ಹಾರ್ಲನ್‌ಗೆ ಒಪ್ಪಿಸಿ ತಂಗಿಯ ಮನೆಗೆ ಹೊರಟಳು.

ಅಲ್ಲಿ ಮಗು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿತ್ತು. ಬರ್ನೀಸ್ ಬಾಗಿಲಲ್ಲೇ ಅಂದಳು: "ಅಕ್ಕಾ, ನಿನ್ ಹಟಕ್ಕೆ ಇದೂ ಹೋಗತ್ತೆ ನೋಡು."

ಲೊರೀನ್ ಮಗುವನ್ನು ಎತ್ತಿಕೊಂಡು ಕಿವಿಯಲ್ಲಿ ಕಯ್ಯಾನ್ ಎಂದಳು. ಅಳು ನಿಂತಿತು. ಮಗು ಕಣ್ಣು ತೆರೆದು, ಗುರುತು ಸಿಕ್ಕವರ ಹಾಗೆ ಅವಳನ್ನೇ ನೋಡಿತು. ಮೈ ಬೆಚ್ಚಗಿದ್ದರೂ ಅದರ ಎರಡು ಪುಟ್ಟ ಮುಷ್ಟಿಗಳು ಮಂಜುಗಡ್ಡೆಯಷ್ಟು ತಣ್ಣಗಿದ್ದವು. ಅವನ್ನು ತನ್ನ ಅಂಗೈಗಳಲ್ಲಿ ಉಜ್ಜುತ್ತಾ ಲೊರೀನ್ ಬಿಕ್ಕಿದಳು.

"ಹಾರು ಅನ್ಬೇಕಿತ್ತು ಅಣ್ಣಾ. ತಪ್ಪಾಯ್ತು, ಹಾರು ಅನ್ಬೇಕಿತ್ತು."