ಡ್ರ್ಯಾಗನ್ನಿನ ವೇಳಾಪಟ್ಟಿ

ಬಸ್ ಡಿಪೋದ ಟೈಮ್‌ಕೀಪರನ ತಲೆ ಕೆಟ್ಟುಹೋಗಿತ್ತು. ಏಳು ಸೀಸನ್, ಸಾವಿರದಷ್ಟು ಕಂತು ಬಿಡದೆ ನೋಡಿದ ಮಾಯಾಲೋಕದ ಧಾರಾವಾಹಿ ಕೊನೆಯ ಕಂತಿನಲ್ಲಿ ಕೈಕೊಟ್ಟಿತ್ತು. ಮೂರು ವಾರದ ದಾರಿಯನ್ನು ಸೈನ್ಯ ಒಂದೇ ಬೆಳಗಿನಲ್ಲಿ ನಡೆದುಬಿಟ್ಟಿತ್ತು. ರೆಕ್ಕೆ ಮುರಿದುಕೊಂಡು ಬಿದ್ದಿದ್ದ ಡ್ರ್ಯಾಗನ್, ಯಾರೂ ಒಂದು ಪಟ್ಟಿ ಕಟ್ಟದಿದ್ದರೂ, ಠಾಕುಠೀಕಾಗಿ ಹಾರಿ ಬಂದಿತ್ತು. ಯಾವ ಬಸ್ಸು ಯಾವ ನಿಲ್ದಾಣವನ್ನು ಎಷ್ಟು ನಿಮಿಷಕ್ಕೆ ಮುಟ್ಟಬೇಕೆಂದು ಇಪ್ಪತ್ತೆರಡು ವರ್ಷದಿಂದ ಗೆರೆ ಹಾಕಿ ಬರೆಯುತ್ತಿರುವ ಮನುಷ್ಯ ಇದನ್ನು ಹೇಗೆ ಸಹಿಸಿಯಾನು? ಹಳೇ ಹಾಳೆಯ ಹಿಂಬದಿಯಲ್ಲಿ ಡ್ರ್ಯಾಗನ್ನಿಗೂ ಒಂದು ವೇಳಾಪಟ್ಟಿ ಬರೆದಿದ್ದ. ಎಷ್ಟು ಉದಾರವಾಗಿ ವೇಗ ಕೊಟ್ಟರೂ ಅದು ನಾಲ್ಕು ದಿನ ಲೇಟು.

ಇದು ಬರೀ ಅವನ ತಲೆನೋವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಧಾರಾವಾಹಿ ನೋಡುತ್ತಿದ್ದುದೇ ಅವನ ಅಕ್ಕನಿಗಾಗಿ. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ, ಅವಳು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಮಲಗಿರುವಾಗ ಅವನು ಪಕ್ಕದ ಸ್ಟೂಲಿನಲ್ಲಿ ಮೊಬೈಲು ಹಿಡಿದು ಕೂರುತ್ತಿದ್ದ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ಇವನ ಕಿವಿಗೆ. ಮುಂದೇನಾಗುತ್ತದೋ ಎಂಬ ಕುತೂಹಲವೇ ಎರಡು ವರ್ಷದಿಂದ ಅವಳನ್ನು ಅಲ್ಲಿಗೆ ಎಳೆದು ತರುತ್ತಿದೆ ಎಂದು ಅವನು ನಂಬಿದ್ದ. ಅದು ಮುಗಿದ ಶುಕ್ರವಾರ ಅವಳು ಇಯರ್‌ಫೋನ್ ಕಿತ್ತು ಅವನ ತೊಡೆಯ ಮೇಲೆ ಹಾಕಿದಳು.

"ಇಷ್ಟಕ್ಕೇನಾ ಎರಡು ವರ್ಷ ಸೂಜಿ ಚುಚ್ಚಿಸ್ಕೊಂಡಿದ್ದು? ಸಾಕು ಕಣೋ. ಸೋಮವಾರದಿಂದ ನಾನು ಬರಲ್ಲ."

ತಮಾಷೆ ಎಂದುಕೊಂಡ. ಸೋಮವಾರ ಅವಳ ಮನೆಗೆ ಹೋದರೆ ಅವಳು ಹಾಸಿಗೆಯಿಂದಲೇ ಎದ್ದಿರಲಿಲ್ಲ. ಕಾಲು ಬಾತುಕೊಂಡಿತ್ತು. ಗದರಿದ, ಅಂಗಲಾಚಿದ, ಕೊನೆಗೆ ಅತ್ತೇಬಿಟ್ಟ. "ಇದೊಂದು ವಾರ, ನಿನಗೋಸ್ಕರ," ಎಂದು ಎದ್ದಳು. ಆಸ್ಪತ್ರೆಯಲ್ಲಿ ವಿಷಯ ತಿಳಿದ ನರ್ಸ್ ಅವನನ್ನು ಬಾಗಿಲ ಹೊರಗೆ ಕರೆದು, "ಎರಡು ಸಲ ತಪ್ಪಿಸಿದ್ರೆ ಎದೇಲಿ ನೀರು ತುಂಬ್ಕೊಳತ್ತೆ, ಗೊತ್ತಲ್ವಾ?" ಎಂದಳು. ಗೊತ್ತಿತ್ತು.

ಈ ವಾರದೊಳಗೆ ಬೇರೆ ಧಾರಾವಾಹಿ ಬೇಕು. ಡಿಪೋದ ಗಾಜಿನ ಗೂಡಿನಲ್ಲಿ ಕೂತು ಒಂದಾದ ಮೇಲೊಂದು ಜಾಲಾಡಿದ. ಒಂದರಲ್ಲಿ ಸತ್ತವರನ್ನು ಬದುಕಿಸುವ ಮುಲಾಮು ರಾಣಿಯ ಪೆಟ್ಟಿಗೆಯಲ್ಲೇ ಇತ್ತು, ಮಗ ಸತ್ತಾಗ ಮಾತ್ರ ಯಾರಿಗೂ ನೆನಪಾಗಲಿಲ್ಲ. ಇನ್ನೊಂದರಲ್ಲಿ ಹುಟ್ಟುಕುರುಡ ಮಾಂತ್ರಿಕ ಪಟಪಟನೆ ಪತ್ರ ಓದಿದ. ಮತ್ತೊಂದು ಚೆನ್ನಾಗಿತ್ತು, ಆದರೆ ಮೊದಲ ಸೀಸನ್ನಿಗೇ ನಿಂತುಹೋಗಿತ್ತು. ಅರ್ಧಕ್ಕೆ ನಿಂತ ಕತೆಯನ್ನು ಅಕ್ಕನ ಮುಂದೆ ಹಿಡಿಯುವ ಧೈರ್ಯ ಅವನಿಗೆಲ್ಲಿತ್ತು? ಡ್ರೈವರೊಬ್ಬ ಗಾಜು ಬಡಿದು, "ಸಾರ್, ನನ್ನ ಬಸ್ ಹೊರಡೋ ಟೈಮ್ ಮೀರಿ ಆರು ನಿಮಿಷ ಆಯ್ತು," ಎಂದ. ಇಪ್ಪತ್ತೆರಡು ವರ್ಷದಲ್ಲಿ ಹೀಗಾದದ್ದು ಮೊದಲ ಸಲ.

ಬುಧವಾರ ಬರಿಗೈಯಲ್ಲೇ ಹೋದ. ಸೂಜಿ ಚುಚ್ಚಿದ ಕೂಡಲೇ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಶುರುಮಾಡಿದ.

"ಒಂದು ರಾಜ್ಯ. ಪ್ರವಾಹ ಬರ್ತಾ ಇದೆ. ನೂರು ಗಾಡಿ ಬೆಟ್ಟ ಹತ್ತಬೇಕು. ಮೊದಲನೇ ಗಾಡಿ ಬೆಳಿಗ್ಗೆ ಐದು ಗಂಟೆಗೆ..."

"ನಿನ್ನ ಬುದ್ಧಿ ಎಲ್ಲಿ ಹೋಗತ್ತೆ," ಎಂದಳು ಅಕ್ಕ ಗೋಡೆಗೇ. ಆದರೆ ಬೇಡ ಎನ್ನಲಿಲ್ಲ.

ಅವನು ಹುರುಪಿನಿಂದ ಮುಂದುವರಿದ. ಮೊದಲ ಗಾಡಿಯಲ್ಲಿ ರಾಣಿ, ಕೊನೆಯದರಲ್ಲಿ ಜ್ವರ ಬಂದು ಮಲಗಿದ ಅವಳ ತಾಯಿ. ಎತ್ತುಗಳಿಗೆ ಎಲ್ಲಿ ನೀರು, ಏರಿನಲ್ಲಿ ಎಷ್ಟು ನಿಧಾನ, ಎಲ್ಲವನ್ನೂ ಲೆಕ್ಕ ಹಾಕಿ ಹೇಳಿದ. ಹೊಳೆ ದಾಟುವಲ್ಲಿ ಒಂದು ಗಾಡಿಯ ಎತ್ತುಗಳು ಕುಸಿದವು, ಬದಲಿ ಎತ್ತು ಹೂಡಿಸಿದ. ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ರಾಜ್ಯಕ್ಕೆ ರಾಜ್ಯವೇ ಬೆಟ್ಟದ ಮೇಲಿತ್ತು.

"ಒಂದೇ ಒಂದು ತಪ್ಪು ತೋರಿಸು ನೋಡೋಣ!"

ಅಕ್ಕ ನಿಧಾನವಾಗಿ ಈಚೆ ತಿರುಗಿದಳು. "ರಾಣಿಯ ತಾಯಿ ಎಲ್ಲೋ?"

ಅವನು ಮನಸ್ಸಿನಲ್ಲೇ ಗಾಡಿಗಳನ್ನು ಮತ್ತೆ ಎಣಿಸಿದ. ಬದಲಿ ಎತ್ತು ಎಲ್ಲಿಂದ ಬಂದಿತ್ತು? ಆ ಕೊನೆಯ ಗಾಡಿಯಿಂದಲೇ ಬಿಚ್ಚಿಸಿದ್ದ. ಡಿಪೋದಲ್ಲಿ ದಿನಾ ಮಾಡುವ ಕೆಲಸವೇ ಅದು: ಬಸ್ಸು ಕೆಟ್ಟರೆ, ಜನ ಕಮ್ಮಿ ಇರುವ ಟ್ರಿಪ್ಪನ್ನು ರದ್ದುಮಾಡಿ ಆ ಬಸ್ಸನ್ನು ಕಳಿಸುವುದು. ಯೋಚನೆಯನ್ನೂ ಮಾಡಿರಲಿಲ್ಲ.

"ಆ ಗಾಡೀಲಿ ಒಬ್ಬಳೇ ಇದ್ಳಲ್ಲ ಅಕ್ಕ... ಅದೂ ಹುಷಾರಿಲ್ಲದವಳು..." ಎಂದವನು ನಾಲಿಗೆ ಕಚ್ಚಿಕೊಂಡ.

ಅಕ್ಕನಿಗೆ ಸಿಟ್ಟು ಬರಲಿಲ್ಲ. "ನನಗೂ ಹಾಗೇ ಅನ್ಸಿದ್ದು," ಎಂದಳು. "ವಾರಕ್ಕೆ ಮೂರು ದಿನ ನೀನು ಕೆಲಸ ಬಿಟ್ಟು ಇಲ್ಲಿ ಕೂರ್ತೀಯ. ಒಬ್ಬಳಿಗೋಸ್ಕರ ಎಷ್ಟು ಜನಕ್ಕೆ ತಡ ಆಗತ್ತೋ. ಅದಕ್ಕೇ ಬರಲ್ಲ ಅಂದೆ. ಧಾರಾವಾಹಿ ಒಂದು ನೆಪ."

ಅವನು ಸ್ಟೂಲನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡ.

"ಎತ್ತು ವಾಪಸ್ ಕಳಿಸ್ತೀನಿ."

"ನೂರು ಗಾಡೀನೂ ಲೇಟಾಗತ್ತೆ."

"ಆಗ್ಲಿ."

"ಪ್ರವಾಹ ಬರ್ತಿದೆ ಅಂದ್ಯಲ್ಲೋ."

"ಬರ್ಲಿ ಅಕ್ಕ. ಅವಳು ಬರೋವರೆಗೂ ಯಾರೂ ಬೆಟ್ಟ ಹತ್ತಲ್ಲ."

ಅಕ್ಕ ದಿಂಬಿನ ಮೇಲೆ ತಲೆ ಸರಿಮಾಡಿಕೊಂಡಳು. ಆಮೇಲೆ, "ಅಷ್ಟೊತ್ತಿಗೆ ಹೊಳೆ ತುಂಬಿರತ್ತೆ. ಗಾಡಿ ಇಳಿಯಲ್ಲ. ಹೇಗೆ ದಾಟಿಸ್ತೀಯ?" ಎಂದಳು.

ಅವನಿಗೆ ಗೊತ್ತಿರಲಿಲ್ಲ. "ಶುಕ್ರವಾರ ಹೇಳ್ತೀನಿ," ಎಂದ. ಹೇಳಿ, ಅವಳ ಮುಖ ನೋಡಿದ.

"ಮಂತ್ರ ಗಿಂತ್ರ ಹಾಕಿಸಿದ್ರೆ ನಾನು ಕೇಳಲ್ಲ," ಎಂದಳು ಅಕ್ಕ. "ಯಾರಾದ್ರೂ ಹೊತ್ಕೊಂಡೇ ದಾಟಿಸ್ಬೇಕು."